ನೆರಳಿಗೆ ಬಂದ ಮೀನುಗಳು

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಉಡುಪಿ ಕಡೆ ಮೀನಿನ ಬುಟ್ಟಿ ಹೊತ್ತವಳು ನಾನು. ಎಂಬತ್ತರ ದಶಕದಲ್ಲಿ ಅಮೆರಿಕದ ಸ್ಯಾನ್ ಹೊಸೆಯಲ್ಲಿದ್ದ ಮಗಳ ಮನೆಗೆ ಬಂದಾಗ ಏಳು ವರ್ಷದ ಮೊಮ್ಮಗಳು ನನ್ನ ಕೈಗೆ ಸಿಕ್ಕಳು. ಏನು ಹೇಳಲಿ ಆ ಸಂತೋಷ! ಅವಳು ಸೆರಗು ಹಿಡಿದು ನಡೆದರೆ ಊರಿಗೆ ಊರೇ ನನ್ನದು ಅನ್ನಿಸುತ್ತಿತ್ತು.

ಹಿಂದಿನ ಬೇಲಿ ದಾಟಿದರೆ ಒಂದು ತೋಡು, ಸಣ್ಣ ಹೊಳೆ. ಆ ಚಳಿಗಾಲ ಸಮುದ್ರದಿಂದ ಒಂದು ಜೋಡಿ ಸಾಲ್ಮನ್ ಮೀನು ಅಲ್ಲಿಗೆ ಹತ್ತಿ ಬಂದಿತ್ತು. ಹೆಣ್ಣು ಬಾಲದಿಂದ ಜಲ್ಲಿ ಅಗೆದು, ಮೊಟ್ಟೆಯಿಟ್ಟು ಅಲ್ಲೇ ಸತ್ತಿತು. ಚಳಿ ಬಿಡುವಾಗ ಮರಿಗಳೆದ್ದವು. ಕಿರುಬೆರಳಿನಷ್ಟೂ ಇಲ್ಲ. ನಾವು ಬಗ್ಗಿದರೆ ಸಾಕು, ಸರಕ್ಕನೆ ಕಲ್ಲಿನಡಿಗೆ.

“ಇವು ನನ್ನವು ಅಜ್ಜಿ. ಓಷನ್ನಿಗೆ ಹೋಗಿ ಬ್ಯಾಕ್ ಬರ್ತವೆ.”

“ಬರ್ಲಿ ಮಗಾ. ನಾನೂ ಇರ್ತೇನೆ ನೋಡ್ಲಿಕ್ಕೆ.”

ಒಂದು ಶನಿವಾರ ಸೇತುವೆಯ ಹತ್ತಿರ ಟ್ಯಾಂಕಿನ ಲಾರಿ ನಿಂತಿತು. ದಪ್ಪ ಪೈಪಿನಿಂದ ಗೇಣುದ್ದದ ಮೀನುಗಳು ಬೆಳ್ಳಿ ಸುರಿದ ಹಾಗೆ ತೋಡಿಗೆ ಬಿದ್ದವು. ಹ್ಯಾಚರಿಯಲ್ಲಿ, ಎಂದರೆ ಸಿಮೆಂಟಿನ ತೊಟ್ಟಿಗಳಲ್ಲಿ, ಮರಿ ಮಾಡಿಸಿ ಸಾಕಿದ ಸಾಲ್ಮನ್ ಅಂತೆ. ತೋಡಿನಲ್ಲಿ ಮೀನು ಹೆಚ್ಚಲಿ ಅಂತ ಸರಕಾರದವರು ತಂದು ಬಿಡುವುದಂತೆ. ಮರುದಿನ ನನ್ನ ನೆರಳು ನೀರಿಗೆ ಬಿದ್ದದ್ದೇ ತಡ, ಅವೆಲ್ಲ ಬಾಯಿ ತೆರೆದು ಮೇಲೆ ಬಂದವು! ನಮ್ಮ ಕಡೆ ದೇವಸ್ಥಾನದ ಹೊಳೆಯಲ್ಲಿ ದೇವರ ಮೀನುಗಳು ಬರುವುದು ಹೀಗೇ. ಅವನ್ನು ಯಾರೂ ಹಿಡಿಯುವುದಿಲ್ಲ. ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಮೀನು ಮಾರಿದ ನಾನೂ ಅಲ್ಲಿ ಕೈಮುಗಿದವಳೇ. ಚಪ್ಪಲಿ ಬಿಟ್ಟೆ, ಮಂಡಕ್ಕಿ ಎರಚಿದೆ.

“ಎಂತ ಅಮ್ಮ, ಚಪ್ಪಲಿ ಬಿಟ್ಟದ್ದು? ಇದೇನು ದೇವಸ್ಥಾನವಾ?” ಮಗಳು ನಕ್ಕಳು.

“ನೀನು ಸುಮ್ನಿರು ಮಾರಾಯ್ತಿ. ದೇವರೇ ಲಾರಿಯಲ್ಲಿ ಬಂದ ಹಾಗೆ ಉಂಟು.”

“ದೇವರೂ ಇಲ್ಲ, ಎಂತದೂ ಇಲ್ಲ. ತೊಟ್ಟಿಯಲ್ಲಿ ಮೇಲಿಂದ ಫೀಡು ಹಾಕ್ತಾರಲ್ಲ, ನೆರಳು ಕಂಡ್ರೆ ಊಟ ಬಂತು ಅಂತ ಲೆಕ್ಕ ಅವಕ್ಕೆ.”

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಮಂಡಕ್ಕಿ, ದಿನಾ ಸಂಭ್ರಮ. ಮೊಮ್ಮಗಳು ಮಾತ್ರ ಬೋರಲು ಮಲಗಿ ಕಲ್ಲಿನ ಸಂದಿಗಳನ್ನೇ ನೋಡುತ್ತಿದ್ದಳು. ಹೊಸ ಮೀನುಗಳು ಒಳ್ಳೆಯ ಕಲ್ಲುಗಳ ಹತ್ತಿರ ನಿಂತು ಮರಿಗಳನ್ನು ಓಡಿಸುತ್ತಿದ್ದವು. ದಂಡೆಯ ತೆಳು ನೀರಿಗೆ ಸರಿದ ಮರಿಗಳನ್ನು ಕೊಕ್ಕರೆ ಹೆಕ್ಕಿತು. ಒಂದು ದಿನ ನಮ್ಮ ಕಣ್ಣೆದುರೇ ದೊಡ್ಡದೊಂದರ ಬಾಯಂಚಿನಲ್ಲಿ ಸಣ್ಣ ಬಾಲವೊಂದು ಅಲುಗಿ ಒಳಗೆ ಹೋಯಿತು. ಅವಳು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದಳು. ಆ ಹಿಡಿತಕ್ಕೂ ನನ್ನ ಮನಸ್ಸು ಉಕ್ಕಿತು ನೋಡಿ, ಅಜ್ಜಿಯ ಹುಚ್ಚು!

ಬಿಸಿಲು ಬಲಿತ ಮೇಲೆ ಒಂದು ಸಂಜೆ ಅವಳು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

“ಅಜ್ಜಿ, ನನ್ನವು ಇಲ್ಲ.”

“ಅಡಗಿರ್ಬಹುದು ಮಗಾ.”

“ನೋ ಅಜ್ಜಿ. ಹೈಡ್ ಮಾಡುವವು ಈಗ ಇಲ್ಲವೇ ಇಲ್ಲ.”

ಸೆರಗಿನಲ್ಲಿ ಮಂಡಕ್ಕಿ ಇತ್ತು. ಹಾಕಲು ಕೈ ಬರಲಿಲ್ಲ. ನನ್ನ ನೆರಳು ಉದ್ದಕ್ಕೆ ನೀರಿನ ಮೇಲೆ ಬಿದ್ದಿತ್ತು. ಅದರ ಅಂಚಿನ ತನಕ ಬರೀ ಬಾಯಿಗಳು.

“ನೆರಳು ತೆಗಿ ಅಜ್ಜಿ,” ಎಂದಳು.

ಅವಳನ್ನು ಎತ್ತಿಕೊಂಡು ಹಿಂದೆ ಸರಿದೆ. ನೆರಳೂ ಸರಿಯಿತು. ಮೀನುಗಳು ಅದರ ಹಿಂದೆಯೇ ದಂಡೆಯವರೆಗೂ ಬಂದವು.