ಅವ್ವನ ಹೆಪ್ಪು

ಪದಗಳ ಬೆನ್ನು ಹತ್ತುವುದು ನನ್ನ ಚಟ. ಅಂದು ಸಂಜೆ ಶಿವಬಸವ ನಗರದ ನಮ್ಮ ಮನೆಯಲ್ಲಿ ನಕಲು ಎಂಬರ್ಥದ ‘ಕಾಪಿ’ ಪದದ ಮೂಲ ಹುಡುಕುತ್ತ ಕೂತಿದ್ದೆ. ಲ್ಯಾಟಿನ್ನಿನ ‘ಕೋಪಿಯಾ’ ಅದರ ಬೇರಂತೆ; ಅರ್ಥ, ಸಮೃದ್ಧಿ! ಇಟಲಿ, ಸ್ಪೇನಿನ ನುಡಿಗಳಲ್ಲಿ ಆ ಒಂದೇ ಪದ ನಕಲಿಗೂ ಆಗುತ್ತದೆ, ಸಮೃದ್ಧಿಗೂ ಆಗುತ್ತದೆ. ಫ್ರೆಂಚರು ಭರಪೂರ ಊಟವನ್ನು ‘ಕೋಪಿಯೋ’ ಎನ್ನುತ್ತಾರೆ. ನನಗೆ ಸೋಜಿಗ. ನಕಲಿನಲ್ಲಿ ಎಂಥ ಸಮೃದ್ಧಿ? ಯಾವ ಆಫೀಸಿಗೆ ಹೋದರೂ ಝೆರಾಕ್ಸ್ ಆಚೆ ತಳ್ಳಿ, ಒರಿಜಿನಲ್ ತನ್ನಿ ಎನ್ನುತ್ತಾರೆ.

ಇದೇ ಗುಂಗಿನಲ್ಲಿ ಎದ್ದು, ಇನ್ನೂ ಆರದ ಹಾಲಿಗೆ ಹೆಪ್ಪು ಹಾಕಿಬಿಟ್ಟೆ. ಅದೂ ಬಟ್ಟಲು ಬಳಿದು. ಬೆಳಿಗ್ಗೆ ನೋಡಿದರೆ ಹಾಲು ಒಡೆದು ನೀರಾಗಿತ್ತು.

ಅದು ಅವ್ವನ ಹೆಪ್ಪು. ಬೀಡಿ ಎಂಬ ಊರಿನ ನನ್ನ ತವರಿನಿಂದ ಡಬ್ಬಿಯಲ್ಲಿ ತಂದು, ದಿನಾ ಒಂದು ಚಮಚ ಉಳಿಸುತ್ತ ಬಂದದ್ದು. ಅವ್ವ ತೀರಿ ವರ್ಷವಾಗಿತ್ತು. ಅವಳ ಕೈರುಚಿ ಎಂದು ನನಗೆ ಉಳಿದದ್ದು ಅದೊಂದೇ. ಒಲೆಯ ಮುಂದೆ ನಿಂತು ಅತ್ತೆ. ಗಂಡ ಪಾಕೀಟಿನ ಮೊಸರು ತಂದಿಟ್ಟು, “ಮೊಸರಂದ್ರ ಎಲ್ಲಾ ಮೊಸರ ಅಲ್ಲೇನ?” ಎಂದರು. ಪಾಕೀಟನ್ನು ಅಲ್ಲೇ ಬಿಟ್ಟು ಖಾನಾಪುರದ ಬಸ್ಸು ಹತ್ತಿದೆ, ಅಲ್ಲಿಂದ ಬೀಡಿಗೆ.

ತವರಿನ ಬಾಜು ಮನೆಯ ಕಾಕು ಅವ್ವನ ಜೀವದ ಗೆಳತಿ. ಅವ್ವ ಅವರಿಗೂ ಹೆಪ್ಪು ಕೊಟ್ಟಿರಬೇಕು ಎಂಬ ಆಸೆ ನನ್ನದು.

“ಕಾಕು, ಬಿಸಿ ಹಾಲಿಗೆ ಹಾಕಿ ಕೆಡಿಸಿಬಿಟ್ಟೆರಿ. ನಮ್ಮವ್ವನ ಹೆಪ್ಪು ನಿಮ್ಮ ಕಡೆ ಐತೇನ್ರಿ?”

ಕಾಕು ನಕ್ಕೇಬಿಟ್ಟರು. “ನಿಮ್ಮವ್ವಂದು ಹೆಂಗಾಗತೈತಿ? ಆಕಿಗೆ ನಾನ ಕೊಟ್ಟಿದ್ದೆ.”

“ಹಂಗಾದ್ರ ಅದು ನಿಮ್ಮದೇನ್ರಿ?”

“ನಂದರ ಎಲ್ಲೀದು? ಅದಕ್ಕೂ ಮುಂಚೆ ನಾ ಆಕಿ ಕಡೆ ಇಸ್ಕೊಂಡಿದ್ದೆ. ನಿಮ್ಮವ್ವನೂ ನಿನ್ನಂಗನ ಎಷ್ಟ ಸಲ ಕೆಡಿಸ್ಯಾಳ, ನಿನಗೇನ ಗೊತ್ತು!”

ಒಬ್ಬರದು ಕೆಟ್ಟರೆ ಇನ್ನೊಬ್ಬರದು. ಯಾವುದು ಮೂಲ, ಯಾವುದು ನಕಲು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ದರ್ದೂ ಇರಲಿಲ್ಲ. ಕೊಟ್ಟದ್ದರಿಂದಲೇ ಅದು ಉಳಿದಿತ್ತು. ಆ ಲ್ಯಾಟಿನ್ ಮಂದಿ ಆಡಿದ್ದು ಹುಚ್ಚು ಮಾತೇನಲ್ಲ ಅನ್ನಿಸಿತು.

ಕಾಕು ಒಳಗಿಂದ ಡಬ್ಬಿ ತುಂಬ ಮೊಸರು ತಂದರು. “ಒಂದ ಚಮಚ ಸಾಕ್ರಿ,” ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಮುಚ್ಚಳ ಒತ್ತಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನಿಮ್ಮವ್ವ ಹೋದ ಮ್ಯಾಲ ಹೆಪ್ಪು ಕೇಳಾಕ ಯಾರೂ ಬಂದಿರಲಿಲ್ಲ, ಯವ್ವಾ. ಇನ್ನೊಮ್ಮಿ ಕೆಡಿಸ್ಕೊಂಡ ಬಾ.”