ಪೂಜೆಗೆ ಕೂತ ಕಂಪ್ಯೂಟರ್

ಎಂಟು ವರ್ಷ ನನ್ನ ಅಂಗಡಿಯಲ್ಲಿ ಲಗ್ನಪತ್ರಿಕೆ ತಯಾರಿಸಿದ ಕಂಪ್ಯೂಟರ್ ಕೊನೆಗೆ ಆಮೆಯಾಯಿತು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಬೈರಿದೇವರಕೊಪ್ಪದ ಮನೆಗೆ ತಂದು, ಒಂದು ಕೇಬಲ್ ಎಳೆದು ಹಳೆಯ ಟಿವಿಗೆ ಜೋಡಿಸಿ, ದನಿಗೆಂದು ಕಂಪ್ಯೂಟರಿಗೇ ಎರಡು ಸ್ಪೀಕರ್ ಹಚ್ಚಿದೆ. ಟಿವಿಗೆ ಇಂಟರ್ನೆಟ್ ಗೊತ್ತಿರಲಿಲ್ಲ, ಕಂಪ್ಯೂಟರಿಗೆ ಗೊತ್ತಿತ್ತು. ಎರಡು ಮುದಿಜೀವಗಳು ಕೂಡಿ ಹೊಸ ಸಂಸಾರ ಹೂಡಿದವು.

ಮೊದಲ ವಾರ ಅವ್ವ ಅದರ ಹತ್ತಿರ ಸುಳಿಯಲಿಲ್ಲ. ಎರಡನೆಯ ವಾರ ಚಪಾತಿ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಮೌಸ್ ಆಡಿಸುತ್ತ ಭಜನೆ, ನಾಟಕ, ಯಾರದೋ ಊರಿನ ಯಾರದೋ ಸೀಮಂತ, ಎಲ್ಲ ನೋಡತೊಡಗಿದಳು. ನಾನು ಕ್ರಿಕೆಟ್ ನೋಡಬೇಕೆಂದರೆ ಅವಳ ಮುಂದೆ ಅರ್ಜಿ ಹಾಕಬೇಕಾಯಿತು.

ದಸರೆ ಹತ್ತಿರವಾದಾಗ ಉಪ್ಪಿನಬೆಟಗೇರಿಯಿಂದ ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಫೋನ್ ಮಾಡಿದಳು. ನವಮಿಯ ಸಂಜೆ ಅವರೂರ ಗುಡಿಯಲ್ಲಿ ಹೆಂಗಸರ ಭಜನೆ, ಈ ಸಲ ಮುಂದೆ ಕೂತು ಹಾಡುವವಳು ಅವಳೇ. ಎಪ್ಪತ್ತು ದಾಟಿದ ದೊಡ್ಡವ್ವ ಮೈಕ್ ಹಿಡಿಯುವುದು ಅದೇ ಮೊದಲು. ಹುಡುಗಿಯರಾಗಿದ್ದಾಗ ಅಕ್ಕತಂಗಿಯರು ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದರಂತೆ. ಮುಂದಿನ ಸೊಲ್ಲು ಅಕ್ಕನದು, ಹಿಂದಿನ ಸೊಲ್ಲು ತಂಗಿಯದು.

"ಬರ್ತೀಯೇನ?" ಎಂದು ದೊಡ್ಡವ್ವ ಕೇಳಿದಾಗ ಅವ್ವ ನನ್ನ ಮುಖ ನೋಡಿದಳು. ಎರಡು ಬಸ್ಸು ಹತ್ತಿಳಿಯುವ ರಗಳೆ ಯಾರಿಗೆ ಬೇಕೆಂದು ನಾನು ನಡುವೆ ಬಾಯಿ ಹಾಕಿದೆ. "ಊರಾನವರು ಫೋನ್ ಹಿಡದು ಲೈವ್ ಬಿಡ್ತಾರಂತ. ಮನ್ಯಾಗ ಕುಂತು ದೊಡ್ಡ ಟಿವಿಯಾಗ ನೋಡೂಣಬೇ." ಅವ್ವ ಹೂಂ ಅಂದಳು. ಆ ಹೂಂ ಬಹಳ ಸಣ್ಣದಾಗಿತ್ತು. ನಾನು ಅದನ್ನು ಕೇಳಿಸಿಕೊಳ್ಳದವನಂತೆ ಇದ್ದುಬಿಟ್ಟೆ.

ನವಮಿ ಬಂತು. ಅಂದೇ ಖಂಡೇಪೂಜೆ, ಅಂದರೆ ಆಯುಧಪೂಜೆ. ಅಂಗಡಿಯ ಪೂಜೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ, ಈಳಿಗೆ, ಕುಡುಗೋಲು, ಸುತ್ತಿಗೆ, ಕತ್ತರಿಗಳ ಸಾಲಿನಲ್ಲಿ ಕಂಪ್ಯೂಟರೂ ಕೂತಿದೆ! ಹಣೆಗೆ ವಿಭೂತಿ, ಕೀಬೋರ್ಡಿನ ಮೇಲೆ ಚೆಂಡುಹೂವು, ಮೌಸಿನ ಬೆನ್ನಿಗೆ ಕುಂಕುಮ. ವೈರುಗಳನ್ನೆಲ್ಲ ಅವ್ವ ಬಿಚ್ಚಿ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದಳು. ನಮ್ಮ ಮನೆಯಲ್ಲಿ ಅಂದು ಪೂಜೆಗಿಟ್ಟ ವಸ್ತುವನ್ನು ಮರುದಿನ ದಶಮಿಯ ಪೂಜೆಯಾಗುವ ತನಕ ಯಾರೂ ಮುಟ್ಟುವಂತಿಲ್ಲ.

"ಸಂಜಿಗೆ ದೊಡ್ಡವ್ವನ ಭಜನಿ ಹೆಂಗ ನೋಡ್ತಿಬೇ?"

ಅವ್ವ ಆರತಿ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು. ಎಂಟು ವರ್ಷ ಅಂಗಡಿಗೆ ಬಂದು ಅದಕ್ಕೆ ಕುಂಕುಮ ಹಚ್ಚಿದ ಕೈ ಈ ವರ್ಷವೂ ತಾನಾಗಿ ಹಚ್ಚಿತ್ತು.

"ಅದೀಗ ಆಯುಧ ಅಲ್ಲಬೇ," ಎಂದೆ. "ಏನ್ ದುಡೀತೈತಿ ಅದು? ಕುಣಿಯೂದು ಹಾಡೂದು ತೋರಸ್ತೈತಿ, ಅಷ್ಟ. ತಡಿ, ವೈರ್ ಹಚ್ಚತೇನಿ."

"ಕೈ ಹಚ್ಚೀಯಂದ್ರ ನೋಡು! ಎಂಟು ವರ್ಷ ನಮಗ ಅನ್ನ ಹಾಕೇತಿ ಅದು. ಇವತ್ತೊಂದಿನ ಮಲಗ್ಲಿ."

ನನ್ನ ಫೋನ್ ಮುಂದೆ ಹಿಡಿದೆ. "ಇದರಾಗ ಅಕ್ಕ ಕಡ್ಲಿಕಾಳಿನಷ್ಟ ಕಾಣ್ತಾಳ," ಎಂದು ಅತ್ತ ಸರಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು. ಒಂದೆರಡು ಒರಟು ಮಾತೂ ಆಡಿದೆ. ಅವಳು ಅಡುಗೆಮನೆಯ ಹೊಸ್ತಿಲ ಬಳಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ನಾಚಿಕೆಯಾಯಿತು. ಅವಳಿಗೆ ಮೊದಲಿನಿಂದಲೂ ಹೋಗುವ ಆಸೆಯಿತ್ತು. ತಡೆದದ್ದು ಕುಂಕುಮವಲ್ಲ, ನನ್ನ ಮೈಗಳ್ಳತನ.

"ಏಳಬೇ, ಸೀರಿ ಉಟ್ಕೋ. ಅಲ್ಲೇ ಹೋಗೂಣು."

ಸ್ಕೂಟರಿಗೂ ಪೂಜೆಯಾಗಿತ್ತು. ಉಳಿದವರು ಲಿಂಬೆಹಣ್ಣಿನ ಮೇಲೆ ಹಾಯಿಸಿ ಕೂಡಲೇ ಓಡಿಸುತ್ತಾರೆ, ನಮ್ಮಲ್ಲಿ ಅದಕ್ಕೂ ರಜೆ. ಬಂದ ಬಸ್ಸಿನ ಮುಖದ ತುಂಬ ಚೆಂಡುಹೂವಿನ ಮಾಲೆ. "ಇದಕ್ಕೂ ಪೂಜಾ ಆಗೇತಲ್ಲ, ಹತ್ತಬಹುದೇನ?" ಎಂದು ಕೆಣಕಿದೆ. "ಅದು ಅವರ ಪದ್ಧತಿ. ಲಗೂ ಹತ್ತು," ಎನ್ನುತ್ತ ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದು ನನಗಿಂತ ಮೊದಲು ಅವಳೇ ಹತ್ತಿದಳು.

ಧಾರವಾಡದಲ್ಲಿ ಬಸ್ಸು ಬದಲಿಸಿ ಗುಡಿ ಮುಟ್ಟುವಷ್ಟರಲ್ಲಿ ಭಜನೆ ಶುರುವಾಗಿತ್ತು. ದೊಡ್ಡವ್ವನ ದನಿ ಸಣ್ಣಗೆ ನಡುಗುತ್ತಿತ್ತು. ಎರಡನೆಯ ನುಡಿಗೆ ಬಂದವಳು ಗಕ್ಕನೆ ನಿಂತಳು. ಸೊಲ್ಲು ಮರೆತುಹೋಗಿತ್ತು. ತಾಳದವರು ತಾಳ ಹಾಕುತ್ತಲೇ ಇದ್ದರು, ಹಾಡು ಮಾತ್ರ ಇಲ್ಲ. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಅವ್ವ ಆ ಸೊಲ್ಲು ಎತ್ತಿದಳು. ಹಾಡುತ್ತಲೇ ಮಂದಿಯನ್ನು ಸರಿಸುತ್ತ ಮುಂದೆ ನಡೆದಳು. ದೊಡ್ಡವ್ವ ತಲೆಯೆತ್ತಿ ನೋಡಿದಳು, ನಕ್ಕಳು, ಹಾಡು ಹಿಡಿದಳು. ನನಗಾದ ಖುಷಿ ಅಷ್ಟಿಷ್ಟಲ್ಲ.

ಮರುದಿನ ದಶಮಿಯ ಪೂಜೆ ಮುಗಿದ ಮೇಲೆ ವೈರು ಜೋಡಿಸಿ ಹಿಂದಿನ ಸಂಜೆಯ ಲೈವ್ ಹಚ್ಚಿದೆ. ಅವ್ವ ಮಣೆ ಸಮೇತ ಕೂತಳು. ಟಿವಿಯಲ್ಲಿ ದೊಡ್ಡವ್ವ ಹಾಡಿದಳು, ಮರೆತಳು, ನಿಂತಳು. ಆಮೇಲೆ ಪರದೆಯ ತುಂಬ ಹಸಿರು ಸೀರೆಯ ಒಂದು ಬೆನ್ನು. ಅದು ಎಷ್ಟು ಹೊತ್ತಾದರೂ ಸರಿಯಲಿಲ್ಲ.

"ಯಾರಕಿ, ಅಕ್ಕಗ ಅಡ್ಡ ನಿಂತಾಕಿ?" ಅವ್ವ ಗದರಿದಳು.

"ಸೀರಿ ನೋಡಬೇ."

ನೋಡಿದಳು. ನಕ್ಕ ರಭಸಕ್ಕೆ ಮಣೆಯ ಮೇಲಿನ ಮೌಸ್ ಜಾರಿ ಬಿತ್ತು. ಆ ಬೆನ್ನಿನ ಆಚೆಯಿಂದ ಎರಡು ದನಿ ಬರುತ್ತಿದ್ದವು, ಒಂದು ಮುಂದಿನ ಸೊಲ್ಲಿಗೆ, ಒಂದು ಹಿಂದಿನದಕ್ಕೆ. ಅವ್ವನ ನಗು ನಿಂತಿತು.

"ಟಿವಿ ಬಂದ್ ಮಾಡು ತಮ್ಮಾ," ಎಂದಳು. "ದನಿ ಅಷ್ಟ ಇರ್ಲಿ."