ನೀರು ಬಿಡುವ ದಿನ

ಹಿಂದಿನ ದಿನ ಅಕ್ಕ ಡ್ರಮ್ಮುಗಳನ್ನೆಲ್ಲ ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದಳು. ಸಂಜೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ನಾಳೆ ನಮ್ ಲೈನಿಗೆ ಬಿಡ್ತಾರಂತೆ ಕಣಕ್ಕ" ಎಂದಳು.

"ಹೋದ್ಸಲಾನೂ ಹಂಗೇ ಅಂದಿದ್ದೆ. ನಿನ್ ಮಾತು ಕೇಳಿ ಬಟ್ಟೆಯೆಲ್ಲ ನೆನೆಸಿಟ್ಟು ಕೂತಿದ್ದೆ" ಎಂದು ಅಕ್ಕ ನಕ್ಕಳು. ರಾತ್ರಿ ಮುದ್ದೆ ಉಂಡು, ಧಾರಾವಾಹಿ ನೋಡಿ ಮಲಗಿದೆವು.

ಚಳ್ಳಕೆರೆಯ ನಮ್ಮ ಬೀದಿಯಲ್ಲಿ ನೀರು ಬಿಡುವ ದಿನ ಯಾರೂ ಮನೆ ಬಿಟ್ಟು ಹೋಗುವುದಿಲ್ಲ. ಮದುವೆ ಮಾತುಕತೆಯನ್ನೂ ಮುಂದಕ್ಕೆ ಹಾಕುತ್ತಾರೆ. ಮೊಳಕಾಲ್ಮೂರು ಬಿಟ್ಟು ಇಲ್ಲಿಗೆ ಬಂದ ನಾವಿಬ್ಬರು ಅಕ್ಕತಂಗಿಯರು ಇದನ್ನು ಬೇಗ ಕಲಿತೆವು. ನಾನು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ನೀರಿನ ಕೆಲಸ ಅಕ್ಕನದು.

ಅಂದು ಬೆಳಿಗ್ಗೆ ಅವಳು ಎದೆ ಹಿಡಿದಂತಾಗುತ್ತಿದೆ, ಎಡಭುಜ ಎಳೆಯುತ್ತಿದೆ ಎಂದಳು. ಮುಖವೆಲ್ಲ ಬೆವರಿತ್ತು. ಆಸ್ಪತ್ರೆಗೆ ಹೋಗೋಣ ಎಂದೆ.

"ತಡಿಯೇ, ನೀರು ಬರ್ಲಿ. ಹಿಡಿದಿಟ್ಟು ಹೋಗಾನ."

"ನಿನ್ ನೀರಿಗೆ ಬೆಂಕಿ ಬೀಳ್ಲಿ, ಏಳು."

"ಬೆಂಕಿ ಬಿದ್ರೆ ಆರ್ಸಾಕಾದ್ರೂ ನೀರು ಬೇಕಲ್ಲ" ಎಂದು ನಲ್ಲಿಯ ಕೆಳಗೆ ಕೊಡ ಇಟ್ಟು ಕುಳಿತಳು.

ಮಧ್ಯಾಹ್ನವಾದರೂ ನಲ್ಲಿಯಲ್ಲಿ ಬರೀ ಗಾಳಿ ಬುಸುಗುಟ್ಟುತ್ತಿತ್ತು. ಅಕ್ಕ ವಾಂತಿ ಮಾಡಿ ಗೋಡೆಗೆ ಒರಗಿದಳು. ಆಟೋದಲ್ಲಿ ಕರೆದೊಯ್ದೆ. ಡಾಕ್ಟರು ನೋಡಿದವರೇ, "ಬೆಳಿಗ್ಗೆನೇ ಬರಬೇಕಿತ್ತಮ್ಮ. ಈಗ ತಡ ಮಾಡದೆ ದುರ್ಗಕ್ಕೆ ಕರ್ಕೊಂಡು ಹೋಗಿ" ಎಂದರು. ಚಿತ್ರದುರ್ಗ ಮುಟ್ಟುವ ಮೊದಲೇ ದಾರಿಯಲ್ಲಿ ಅಕ್ಕ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಮಾತನಾಡಿಸಲು ನಮ್ಮೂರ ಕಡೆಯ ಹಳ್ಳಿ ದೇವಸಮುದ್ರದಿಂದ ಸೋದರತ್ತೆ ಬಂದಿದ್ದಳು. "ಪ್ಯಾಟೆಯಾಗಿದ್ದೂ ಹಿಂಗಾಯ್ತಲ್ಲವ್ವ. ಆಸ್ಪತ್ರೆ, ನೀರು, ಎಲ್ಲಾ ಬಾಗಿಲಿಗೇ ಐತೆ ನಿಮಗೆ" ಎಂದು ಅತ್ತಳು. ನಾನು ಉತ್ತರ ಕೊಡುವ ಮೊದಲೇ ಬೀದಿಯಲ್ಲಿ ಯಾರೋ ಕೂಗಿದರು: "ನೀರು ಬಂತ್ರೇ!"

ಚಾಪೆಯ ಮೇಲಿದ್ದ ಹೆಂಗಸರೆಲ್ಲ ಎದ್ದರು. ಕಣ್ಣೊರೆಸಿಕೊಳ್ಳುತ್ತಲೇ ಪಕ್ಕದ ಮನೆಯಾಕೆ, "ತಪ್ಪು ತಿಳ್ಕಬ್ಯಾಡ ಕಣೇ, ಈಗ ಬಿಟ್ರೆ ಮತ್ಯಾವಾಗೋ" ಎಂದು ಓಡಿದಳು. ನನಗೆ ಮೈ ಉರಿದುಹೋಯಿತು. ಆದರೂ ನಾನೂ ಎದ್ದೆ. ಬಂದ ನೆಂಟರಿಗೆ ಅನ್ನಕ್ಕಿಡಲು ಮನೆಯಲ್ಲಿ ನೀರಿರಲಿಲ್ಲ. ಅಕ್ಕ ತೊಳೆದಿಟ್ಟಿದ್ದ ಡ್ರಮ್ಮುಗಳನ್ನು ಒಬ್ಬಳೇ ಒಂದೊಂದಾಗಿ ಎತ್ತಿ ನಿಲ್ಲಿಸಿ ತುಂಬಿಸಿದೆ. ಪೇಟೆಯ ಮಾತನ್ನು ಆಮೇಲೆ ಅತ್ತೆ ಎತ್ತಲಿಲ್ಲ.

ಊರಾಚೆ ದನ ಮೇಯುತ್ತಿದ್ದ ಕಾವಲಿನಲ್ಲಿ ಈಗ ದೇಶಕ್ಕೇ ಬೇಕಾದ ಸಂಶೋಧನೆ ನಡೆಯುತ್ತದಂತೆ. ಆ ಹೆಸರು ಹೇಳಿಯೇ ಸೈಟಿನ ಬೆಲೆ ಏರಿಸಿದರು, ನಮ್ಮ ಮನೆ ಬಾಡಿಗೆಯನ್ನೂ ಏರಿಸಿದರು. ಊರು ಬೆಳೀತಿದೆ ಎಂದು ಯಾರಾದರೂ ಹೇಳಿದರೆ ಈಗ ನಾನು ಎದ್ದು ಒಳಗೆ ಹೋಗುತ್ತೇನೆ. ಅಕ್ಕನ ಹಣೆಬರಹ ಎನ್ನುವವರ ಮಾತೂ ನನಗೆ ಹಿಡಿಸುವುದಿಲ್ಲ. ನೀರು ಇಂಥ ಹೊತ್ತಿಗೆ ಬರುತ್ತದೆ, ಇವತ್ತು ಬರುವುದಿಲ್ಲ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಅವಳು ಬೆಳಿಗ್ಗೆಯೇ ಆಟೋ ಹತ್ತುತ್ತಿದ್ದಳು. ಅದಕ್ಕೆ ಹಣೆಬರಹ ಯಾಕೆ ಬೇಕು?

ನೀರಿನ ದಿನ ಈಗ ನಾನು ಕೆಲಸಕ್ಕೆ ರಜೆ ಹಾಕಿ ಕಾಯುತ್ತೇನೆ. ನೀರು ಯಾವ ಹೊತ್ತಿಗೆ ಬರುತ್ತದೆಂದು ಹೇಳುವವರು ನಮ್ಮ ಬೀದಿಗೆ ಇನ್ನೂ ಯಾರೂ ಇಲ್ಲ.